ಗುಡ್ಡೆಯ ಕಲ್ಲು, ಕಡಲಿನ ತೂಕ

ಮಳೆಗಾಲ ಶುರುವಾಯಿತೆಂದರೆ ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪುವುದಿಲ್ಲ. ಉಳ್ಳಾಲ, ಸೋಮೇಶ್ವರ, ಉಚ್ಚಿಲಗಳಲ್ಲಿ ಕಡಲ್ಕೊರೆತ. ತೆಂಗಿನ ಮರಗಳು ಸಮುದ್ರಪಾಲು. ಮನೆಗಳು ಅಪಾಯದಲ್ಲಿ. ಅಧಿಕಾರಿಗಳ ಭೇಟಿ, ತುರ್ತಾಗಿ ಕಲ್ಲು ಹಾಕಲು ಸೂಚನೆ. ಕಳೆದ ವರ್ಷದ ಪತ್ರಿಕೆಯನ್ನು ತೆಗೆದು ತಾರೀಕು ಮಾತ್ರ ಬದಲಾಯಿಸಿದರೆ ಈ ವರ್ಷಕ್ಕೂ ಸಾಕಾಗುತ್ತದೆ ಎನ್ನುವಷ್ಟು ಇದು ನಮಗೆ ರೂಢಿಯಾಗಿಬಿಟ್ಟಿದೆ. ಆದರೆ ಹಾಕಿದ ಕಲ್ಲು ಎಲ್ಲಿಂದ ಬಂತು, ಅದು ಎಂತಹ ಕಲ್ಲು, ಹೋದ ವರ್ಷ ಹಾಕಿದ ಕಲ್ಲು ಎಲ್ಲಿಗೆ ಹೋಯಿತು ಎಂದು ಕೇಳುವವರು ಕಡಿಮೆ.

ನಾವು ಕೆದಂಬಾಡಿಯವರು. ಪುತ್ತೂರು ತಾಲೂಕಿನ ಈ ಊರಿನಿಂದ ಕಡಲಿಗೆ ಐವತ್ತು ಅರುವತ್ತು ಕಿಲೋಮೀಟರ್ ದೂರ. ಅಡಿಕೆ, ರಬ್ಬರು, ಗೇರು, ಗುಡ್ಡೆ, ತೋಡು ಇವೇ ನಮ್ಮ ಲೋಕ. ಹಿಂದೆ ನಮ್ಮ ಹಿರಿಯರು ಕಡಲನ್ನು ನೋಡುತ್ತಿದ್ದುದೇ ಉಳ್ಳಾಲದ ದರ್ಗಾದ ಉರೂಸಿಗೆ ಹೋದಾಗ. ಐದು ವರ್ಷಕ್ಕೊಮ್ಮೆ ನಡೆಯುವ ಆ ಉರೂಸಿಗೆ ಹೋಗಿ, ಝಿಯಾರತ್ ಮುಗಿಸಿ, ಕಡಲಿನ ದಡದಲ್ಲಿ ಸ್ವಲ್ಪ ಹೊತ್ತು ನಿಂತು ಬರುತ್ತಿದ್ದರು. ಆಮೇಲೆ ಮದುವೆ ಸಂಬಂಧಗಳು ಬೆಳೆದವು. ನಮ್ಮ ಮನೆಯ ಹೆಣ್ಣುಮಕ್ಕಳು ಕಡಲ ಬದಿಯ ಮನೆಗಳಿಗೆ ಹೋದರು, ಅಲ್ಲಿಯವರು ಇಲ್ಲಿಗೆ ಬಂದರು. ಹೀಗಾಗಿ ಪತ್ರಿಕೆಯ ಆ ಸುದ್ದಿ ಈಗ ನಮಗೆ ದೂರದ ಸುದ್ದಿಯಾಗಿ ಉಳಿದಿಲ್ಲ. ಆಷಾಢದ ರಾತ್ರಿ ಗಾಳಿ ಜೋರಾದರೆ ನಮ್ಮ ಮನೆಯವರು ಮೊದಲು ಫೋನ್ ಮಾಡುವುದು ಕಡಲ ಬದಿಯ ಮಾಮಿಗೆ. "ನೀರು ಎಲ್ಲಿಯವರೆಗೆ ಬಂತು ಮಾಮಿ?" ಎಂದು ಕೇಳುವುದು ಅಲ್ಲಿಯ ಕ್ಷೇಮ ಸಮಾಚಾರದ ಮೊದಲ ಪ್ರಶ್ನೆ.

ಇನ್ನೊಂದು ಸಂಬಂಧವೂ ಇದೆ. ಕಡಲಿಗೆ ಹಾಕುವ ಕಲ್ಲು ಕಡಲ ಬದಿಯಲ್ಲಿ ಸಿಗುವುದಿಲ್ಲ. ಅಲ್ಲಿರುವುದು ಹೊಯಿಗೆ. ಕಲ್ಲು ಬರಬೇಕಾದದ್ದು ಒಳನಾಡಿನ ಗುಡ್ಡೆಗಳಿಂದ, ಕೋರೆಗಳಿಂದ. ಬಂಟ್ವಾಳ, ಪುತ್ತೂರು, ಕಾರ್ಕಳದ ಕಡೆಯಂತಹ ಒಳನಾಡುಗಳಲ್ಲಿ ವಾಸ ಮಾಡುವವರಿಗೆ ಕೋರೆಯ ಸಿಡಿತ, ಟಿಪ್ಪರಿನ ಧೂಳು, ಅಗೆದು ಬಿಟ್ಟ ಹೊಂಡದಲ್ಲಿ ಮಳೆಗಾಲದಲ್ಲಿ ನಿಲ್ಲುವ ನೀರು, ಅದರ ಬದಿಯಲ್ಲಿ ಆಡುವ ಮಕ್ಕಳ ಬಗ್ಗೆ ತಾಯಂದಿರ ಭಯ ಇವೆಲ್ಲ ಗೊತ್ತಿರುವ ಸಂಗತಿಗಳು. ಅಂದರೆ ಕಡಲ ಬದಿಯ ಮನೆ ಉಳಿಯಬೇಕಾದರೆ ಒಳನಾಡಿನ ಗುಡ್ಡೆಯೊಂದು ಕರಗಬೇಕು. ಈ ಬೆಲೆ ತೆತ್ತ ಮೇಲೂ ಆ ಮನೆ ಉಳಿಯದಿದ್ದರೆ ಎರಡೂ ಕಡೆ ನಷ್ಟ. ನಮ್ಮ ಪ್ರಶ್ನೆ ಹುಟ್ಟುವುದು ಇಲ್ಲಿ.

ನಮ್ಮ ಊರಿನ ನೆಲದಲ್ಲಿ ಮುಖ್ಯವಾಗಿ ಎರಡು ಕಲ್ಲುಗಳು. ಒಂದು ಕೆಂಪುಕಲ್ಲು, ಹಳಬರ ಬಾಯಲ್ಲಿ ಮುರಕಲ್ಲು. ಇನ್ನೊಂದು ಅದರ ಅಡಿಯಲ್ಲಿರುವ ಕರಿಕಲ್ಲು. ಮನೆ, ಮಸೀದಿ, ಮದ್ರಸ, ಬಾವಿಯ ಕಟ್ಟೆ, ಕಂಪೌಂಡು ಎಲ್ಲವೂ ಕೆಂಪುಕಲ್ಲಿನದ್ದು. 1800-01ರಲ್ಲಿ ಮಲಬಾರ್ ಮತ್ತು ಕನ್ನಡ ಜಿಲ್ಲೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಎಂಬ ಇಂಗ್ಲಿಷ್ ಕಂಪನಿಯ ವೈದ್ಯ ಈ ಕಲ್ಲನ್ನು ಕಂಡು ಬೆರಗಾಗಿ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ 'ಲ್ಯಾಟರೈಟ್' ಎಂದು ಹೆಸರಿಟ್ಟ. ನೆಲದಲ್ಲಿರುವಾಗ ಕತ್ತಿಯಿಂದ ಕಡಿಯುವಷ್ಟು ಮೆದು, ಹೊರಗೆ ತೆಗೆದು ಗಾಳಿ ಬಿಸಿಲಿಗೆ ಇಟ್ಟರೆ ಗಟ್ಟಿ. ಮನೆ ಕಟ್ಟುವವನಿಗೆ ಇದಕ್ಕಿಂತ ಒಳ್ಳೆಯ ಕಲ್ಲು ಬೇರೆ ಬೇಕಿಲ್ಲ. ಆದರೆ ಕಡಲಿಗೆ ಈ ಕಲ್ಲು ಆಗುವುದಿಲ್ಲ. ಯಾಕೆ ಆಗುವುದಿಲ್ಲ ಎಂಬುದನ್ನು ತಿಳಿದುಕೊಂಡರೆ ಕಡಲಿಗೆ ಎಂತಹ ಕಲ್ಲು ಬೇಕು ಎಂಬುದರ ಅರ್ಧ ಪಾಠ ಮುಗಿಯಿತು.

ನೀರಿಗೆ ಇಳಿದ ಯಾವ ವಸ್ತುವೂ ಸ್ವಲ್ಪ ತೂಕ ಕಳೆದುಕೊಳ್ಳುತ್ತದೆ. ಬಾವಿಯಿಂದ ಕೊಡ ಎಳೆಯುವ ಹೆಂಗಸರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ನೀರಿನೊಳಗೆ ಇರುವಷ್ಟು ಹೊತ್ತು ಕೊಡ ಹಗುರ, ಮೇಲೆ ಬಂದ ಕೂಡಲೇ ಭಾರ. ಕಲ್ಲಿಗೂ ಅದೇ ಲೆಕ್ಕ. ಕರಿಕಲ್ಲಿನ ಒಂದು ಘನ ಮೀಟರು ಸುಮಾರು 2.65 ಟನ್ ತೂಗುತ್ತದೆ. ಕಡಲಿನ ನೀರಿನ ಒಂದು ಘನ ಮೀಟರು ಒಂದು ಟನ್ನಿಗಿಂತ ಸ್ವಲ್ಪ ಹೆಚ್ಚು. ಹಾಗಾಗಿ ನೂರು ಕಿಲೋ ಕರಿಕಲ್ಲು ಕಡಲಿಗೆ ಇಳಿದಾಗ ಸುಮಾರು 61 ಕಿಲೋ ಆಗುತ್ತದೆ. ಘನ ಮೀಟರಿಗೆ ಎರಡು ಟನ್ ತೂಗುವ ಕೆಂಪುಕಲ್ಲು ನೂರು ಕಿಲೋ ಇಳಿಸಿದರೆ ಉಳಿಯುವುದು 49 ಕಿಲೋ. ಮೇಲೆ ತಕ್ಕಡಿಯಲ್ಲಿ ಎರಡೂ ಸಮ, ಕೆಳಗೆ ಕಡಲಿನ ತಕ್ಕಡಿಯಲ್ಲಿ ಸಮ ಅಲ್ಲ. ಅಲೆ ತಳ್ಳುವುದು ಕೆಳಗಿನ ತೂಕವನ್ನು.

ಸ್ಪೇನ್ ದೇಶದ ಇರಿಬಾರೆನ್ ಎಂಬ ಎಂಜಿನಿಯರ್ 1938ರಲ್ಲಿ ಈ ಲೆಕ್ಕಕ್ಕೆ ಒಂದು ಸೂತ್ರ ಕೊಟ್ಟರು. ಆಮೇಲೆ 1950ರ ದಶಕದಲ್ಲಿ ಅಮೆರಿಕದ ವಿಕ್ಸ್‌ಬರ್ಗ್‌ನಲ್ಲಿರುವ ಸೇನಾ ಎಂಜಿನಿಯರುಗಳ ಪ್ರಯೋಗಶಾಲೆಯಲ್ಲಿ ಹಡ್ಸನ್ ಎಂಬವರು ಅಲೆಯ ತೊಟ್ಟಿ ಕಟ್ಟಿ, ಸಣ್ಣ ಕಲ್ಲುಗಳ ಮೇಲೆ ಅಲೆ ಹೊಡೆಸಿ, ಅದನ್ನು ತಿದ್ದಿ ಸರಳ ಮಾಡಿದರು. ಇಂದಿಗೂ ಲೋಕದ ಎಲ್ಲ ಕಡೆ ಮೊದಲ ಅಂದಾಜಿಗೆ ಬಳಸುವುದು ಹಡ್ಸನ್ ಸೂತ್ರವನ್ನೇ. ನಮ್ಮ ಸುರತ್ಕಲ್ ಎನ್‌ಐಟಿಕೆಯಲ್ಲಿಯೂ ಅಂತಹ ಅಲೆಯ ತೊಟ್ಟಿಯಿದೆ. ಅಲ್ಲಿಯ ಅಧ್ಯಾಪಕರೂ ವಿದ್ಯಾರ್ಥಿಗಳೂ ಹಲವು ದಶಕಗಳಿಂದ ಈ ವಿಷಯದಲ್ಲಿ ಕೆಲಸ ಮಾಡುತ್ತಿದ್ದಾರೆ. ಅಂದರೆ ಇದು ನಮ್ಮ ಜಿಲ್ಲೆಗೆ ಗೊತ್ತಿಲ್ಲದ ವಿದ್ಯೆಯಲ್ಲ.

ಸೂತ್ರದ ಸಾರವನ್ನು ಮನೆಮಾತಿನಲ್ಲಿ ಹೀಗೆ ಹೇಳಬಹುದು. ಅಲೆ ಎರಡು ಪಟ್ಟು ಎತ್ತರವಾದರೆ ಅದನ್ನು ತಡೆಯುವ ಕಲ್ಲು ಎರಡು ಪಟ್ಟು ಭಾರವಾದರೆ ಸಾಲದು, ಎಂಟು ಪಟ್ಟು ಭಾರವಾಗಬೇಕು. ಒಂದು ಮೀಟರು ಏರಿದ್ದಕ್ಕೆ ಎರಡು ಮೀಟರು ಇಳುಕಲು ಇರುವ ಗೋಡೆಯನ್ನು ತೆಗೆದುಕೊಳ್ಳೋಣ. ದಡಕ್ಕೆ ಬಂದು ಒಡೆಯುವ ಒಂದು ಮೀಟರು ಎತ್ತರದ ಅಲೆಗೆ ಸುಮಾರು 170 ಕಿಲೋದ ಕರಿಕಲ್ಲು ಸಾಕು. ಎರಡು ಮೀಟರಿನ ಅಲೆಗೆ 1,300 ಕಿಲೋ ಮೇಲೆ ಬೇಕು. ಮೂರು ಮೀಟರಿನ ಅಲೆಗೆ ನಾಲ್ಕೂವರೆ ಟನ್. ಅದೇ ಎರಡು ಮೀಟರಿನ ಅಲೆಗೆ ಕೆಂಪುಕಲ್ಲು ಹಾಕುತ್ತೇವೆಂದರೆ ಒಂದೊಂದು ಕಲ್ಲು ನಾಲ್ಕೂವರೆ ಟನ್ನಿಗಿಂತ ಹೆಚ್ಚು, ಅಂದರೆ ಕರಿಕಲ್ಲಿನ ಮೂರೂವರೆ ಪಟ್ಟು ಇರಬೇಕು. ಅಷ್ಟು ದೊಡ್ಡ ಕೆಂಪುಕಲ್ಲನ್ನು ಒಡೆಯದೆ ಎತ್ತಿ ಸಾಗಿಸುವುದೇ ಕಷ್ಟ. ಸಾಗಿಸಿ ಇಟ್ಟರೂ ಅಲೆಯ ಉಜ್ಜಾಟಕ್ಕೆ ಅದು ಸವೆದು ಮಣ್ಣಾಗುತ್ತದೆ.

ಈ ಲೆಕ್ಕದಲ್ಲಿ ಅಡಗಿರುವ ಇನ್ನೊಂದು ಮಾತು ನಮ್ಮನ್ನು ಹೆಚ್ಚು ಯೋಚಿಸುವಂತೆ ಮಾಡಿತು. ದಡದ ಹತ್ತಿರ ಅಲೆ ಎಷ್ಟು ಎತ್ತರ ಇರುತ್ತದೆ ಎಂಬುದು ಅಲ್ಲಿಯ ನೀರಿನ ಆಳದ ಮೇಲೆ ನಿಂತಿದೆ. ಆಳದ ಮುಕ್ಕಾಲು ಪಾಲಿಗಿಂತ ಸ್ವಲ್ಪ ಹೆಚ್ಚು ಎತ್ತರವಾದ ಕೂಡಲೇ ಅಲೆ ಒಡೆದುಬಿಡುತ್ತದೆ. ಗೋಡೆಯ ಬುಡದಲ್ಲಿ ಎರಡು ಮೀಟರು ನೀರಿದ್ದರೆ ಅಲ್ಲಿಗೆ ಬರುವ ಅಲೆ ಸುಮಾರು ಒಂದೂವರೆ ಮೀಟರು, ಅದಕ್ಕೆ ಬೇಕಾದ ಕಲ್ಲು 630 ಕಿಲೋ. ಗೋಡೆಗೆ ಬಡಿದು ಹಿಂದೆ ಹೋಗುವ ನೀರು ಬುಡದ ಹೊಯಿಗೆಯನ್ನು ಎಳೆದುಕೊಂಡು ಹೋಗಿ ಆಳ ಮೂರು ಮೀಟರಾಯಿತೆಂದು ಇಟ್ಟುಕೊಳ್ಳಿ. ಈಗ ಬರುವ ಅಲೆ ಎರಡೂಕಾಲು ಮೀಟರಿಗಿಂತ ಎತ್ತರ, ಬೇಕಾದ ಕಲ್ಲು ಎರಡು ಟನ್ನಿಗಿಂತ ಭಾರ. ಕಟ್ಟಿದಾಗ ಸರಿಯಾಗಿದ್ದ ಗೋಡೆ ಎರಡು ಮಳೆಗಾಲ ಕಳೆಯುವಾಗ ತನ್ನದೇ ಬುಡದ ದೆಸೆಯಿಂದ ಸಣ್ಣದಾಗಿಬಿಡುತ್ತದೆ. ಅದಕ್ಕಾಗಿಯೇ ತಿಳಿದವರು ಗೋಡೆಯ ಬುಡಕ್ಕೆ, ಕಣ್ಣಿಗೆ ಕಾಣದ ಜಾಗಕ್ಕೆ, ಅಗಲವಾಗಿ ದೊಡ್ಡ ಕಲ್ಲುಗಳನ್ನು ಹಾಸಬೇಕು ಎನ್ನುತ್ತಾರೆ. ತರಾತುರಿಯ ಕಾಮಗಾರಿಯಲ್ಲಿ ಮೊದಲು ತಪ್ಪಿಹೋಗುವುದು ಇದೇ ಕಾಣದ ಕಲ್ಲು.

ಕೆಲವು ವರ್ಷಗಳ ಹಿಂದೆ ಬೇಸಗೆಯಲ್ಲಿ ಮಾಮಿಯ ಮನೆಗೆ ಹೋದಾಗ ನಾವು ನಾಲ್ಕೈದು ಜನ ಕಡಲ ಬದಿಯ ಗೋಡೆಯ ಉದ್ದಕ್ಕೂ ನಡೆದೆವು. ಜೊತೆಗೆ ನಮ್ಮ ನೆರೆಯ ಹಿರಿಯರೊಬ್ಬರಿದ್ದರು. ಕೋರೆಗಳಲ್ಲಿ ಕಲ್ಲು ಒಡೆಯುವ ಕೆಲಸದಲ್ಲೇ ಅವರ ಆಯುಷ್ಯ ಕಳೆದದ್ದು. ಕಡಲನ್ನು ನೋಡುವುದಕ್ಕಿಂತ ಅವರು ಕಲ್ಲನ್ನೇ ನೋಡುತ್ತಾ ಬಂದರು. ಒಂದು ಕಡೆ ನಿಂತು, "ಇದು ಕಡಲಿಗೆ ಅಂತ ತೆಗೆದ ಕಲ್ಲಲ್ಲ ಮಾರಾಯ್ರೇ, ಜಲ್ಲಿಗೆ ಅಂತ ಒಡೆದದ್ದರಲ್ಲಿ ಉಳಿದದ್ದು" ಎಂದರು.

ಹೇಗೆ ಗೊತ್ತಾಯಿತು ಎಂದು ಕೇಳಿದೆವು. ಅವರು ವಿವರಿಸಿದ್ದು ನಮಗೆ ಪುಸ್ತಕದ ಲೆಕ್ಕಕ್ಕಿಂತ ಚೆನ್ನಾಗಿ ಅರ್ಥವಾಯಿತು. ಜಲ್ಲಿಯ ಕೋರೆಯಲ್ಲಿ ಕಲ್ಲು ಎಷ್ಟು ಚೂರಾದರೆ ಅಷ್ಟು ಒಳ್ಳೆಯದು, ಹೇಗೂ ಕ್ರಷರಿಗೆ ಹಾಕುವುದು. ಹಾಗಾಗಿ ಅಲ್ಲಿ ಕುಳಿಗಳನ್ನು ಹತ್ತಿರ ಹತ್ತಿರ ಕೊರೆದು ಮದ್ದು ಹೆಚ್ಚು ತುಂಬುತ್ತಾರೆ. ಆ ಹೊಡೆತಕ್ಕೆ ಉಳಿದ ದೊಡ್ಡ ಕಲ್ಲಿನ ಹೊಟ್ಟೆಯಲ್ಲೂ ಕೂದಲಿನಷ್ಟು ಸಪೂರದ ಬಿರುಕು ಬಿದ್ದಿರುತ್ತದೆ. ಹೊರಗೆ ಕಾಣುವುದಿಲ್ಲ. ಎತ್ತಿ ಹಾಕುವಾಗ ಇಲ್ಲವೇ ಮೊದಲ ಮಳೆಗಾಲದಲ್ಲಿ ಅದು ಎರಡಾಗುತ್ತದೆ, ಮೂರಾಗುತ್ತದೆ. ಒಂದೂವರೆ ಟನ್ನಿನ ಕಲ್ಲು ಮೂರು ಪಾಲಾದರೆ ಅದು ಮೂರು ಕಲ್ಲಲ್ಲ, ಆ ಅಲೆಯ ಮುಂದೆ ಏನೂ ಅಲ್ಲ. ದೊಡ್ಡ ಕಲ್ಲು ಬೇಕಾದವರು ಕುಳಿಗಳನ್ನು ದೂರ ದೂರ ಇಟ್ಟು, ಮದ್ದು ಕಡಿಮೆ ಹಾಕಿ, ಬಂಡೆಯಲ್ಲಿ ಮೊದಲೇ ಇರುವ ಸೀಳುಗಳ ಗುಂಟ ಕಲ್ಲು ಬಿಡುವಂತೆ ಮಾಡಬೇಕು. ಆಗಲೂ ಸಿಡಿಸಿದ ರಾಶಿಯಲ್ಲಿ ಬೇಕಾದ ಗಾತ್ರದ್ದು ಸ್ವಲ್ಪ ಪಾಲು ಮಾತ್ರ. ಬಂಡೆಯ ಸೀಳುಗಳು ಅರ್ಧ ಮೀಟರಿಗೊಂದರಂತೆ ಇದ್ದರೆ ಆ ಕೋರೆಯಿಂದ ಒಂದು ಮೀಟರಿನ ಕಲ್ಲು ಬರುವುದೇ ಇಲ್ಲ, ಟೆಂಡರಿನಲ್ಲಿ ಏನು ಬರೆದಿದ್ದರೂ ಸರಿ.

"ಹಾಗಾದರೆ ಒಳ್ಳೆಯ ಕಲ್ಲನ್ನು ಗುರುತಿಸುವುದು ಹೇಗೆ?" ಎಂದಾಗ ಅವರು ನಕ್ಕರು. "ಮಡಕೆ ತೆಗೆದುಕೊಳ್ಳುವಾಗ ಬಡಿದು ನೋಡುವುದಿಲ್ಲವಾ? ಹಾಗೆ" ಎಂದರು. ಸುತ್ತಿಗೆಯಿಂದ ಬಡಿದಾಗ ಗಟ್ಟಿ ಕಲ್ಲು ಖಣ್ ಎನ್ನಬೇಕು. ಬಿರುಕು ಬಿಟ್ಟ ಕಲ್ಲು ಮಂಕಾದ ಸದ್ದು ಕೊಡುತ್ತದೆ. ಕೋರೆಯಿಂದ ತೆಗೆದ ಕಲ್ಲನ್ನು ಅವಸರದಲ್ಲಿ ಹಾಕದೆ ಸ್ವಲ್ಪ ಸಮಯ ಬಯಲಲ್ಲಿ ಬಿಟ್ಟರೆ ಒಳಗಿನ ಬಿರುಕು ತಾನಾಗಿ ಹೊರಗೆ ಬರುತ್ತದೆ. ಬಂಡೆಯ ಮೇಲ್ಪದರದ ಹಳದಿ ತಿರುಗಿದ, ಮಣ್ಣು ಹಿಡಿದ ಕಲ್ಲು ಬೇಡ. ಅದು ಅರ್ಧ ಕೊಳೆತ ಕಲ್ಲು, ನೀರು ಕುಡಿಯುತ್ತದೆ. ಕೆಳಗಿನ ತಾಜಾ ಕಲ್ಲು ಬೇಕು. ಹಲಗೆಯಂತೆ ಚಪ್ಪಟೆಯಾದದ್ದೂ ಕಂಬದಂತೆ ಉದ್ದವಾದದ್ದೂ ಬೇಡ. ಅಲೆ ಅದನ್ನು ಸುಲಭವಾಗಿ ಮಗುಚುತ್ತದೆ, ಇಲ್ಲವೇ ನಡುವೆ ಮುರಿಯುತ್ತದೆ. ಎಂಜಿನಿಯರುಗಳ ಪುಸ್ತಕದಲ್ಲಿಯೂ ಇದೇ ಇದೆ. ಕಲ್ಲಿನ ಅತಿ ಉದ್ದದ ಅಳತೆ ಅತಿ ಕಿರಿದಾದ ಅಳತೆಯ ಮೂರು ಪಟ್ಟಿಗಿಂತ ಹೆಚ್ಚಿರಬಾರದು. ಓದಿದವರ ನಿಯಮವೂ ಕೈಯಲ್ಲಿ ಸುತ್ತಿಗೆ ಹಿಡಿದವರ ಅನುಭವವೂ ಇಲ್ಲಿ ಒಂದೇ ಮಾತನ್ನು ಹೇಳುತ್ತವೆ.

ಹೊಳೆಯ ಉರುಟು ಕಲ್ಲೂ ಕಡಲಿಗೆ ಅಷ್ಟು ಒಳ್ಳೆಯದಲ್ಲ. ನುಣುಪಾದ ಕಲ್ಲುಗಳು ಒಂದನ್ನೊಂದು ಕಚ್ಚಿ ಹಿಡಿಯುವುದಿಲ್ಲ. ಒಡೆದು ನಿಂತ ಅಲೆಗೆ ಮೂಲೆಗಳಿರುವ ಒರಟು ಕಲ್ಲು ಒಂದು ಟನ್ ಸಾಕಾಗುವಲ್ಲಿ ಉರುಟು ಕಲ್ಲು ಒಂದೂವರೆ ಟನ್ನಿಗಿಂತ ಹೆಚ್ಚು ಬೇಕು. ನಮ್ಮ ಗದ್ದೆಯ ಕಟ್ಟಪುಣಿಗೆ ಕಲ್ಲು ಕಟ್ಟುವವರಿಗೂ ಇದು ಗೊತ್ತು. ಒಂದು ಕಲ್ಲಿನ ಮೂಲೆ ಇನ್ನೊಂದರ ಸಂದಿಯಲ್ಲಿ ಕೂತರೆ ಮಾತ್ರ ಗೋಡೆ.

ಹಾಗೆಂದು ಬರೀ ದೊಡ್ಡ ಕಲ್ಲುಗಳನ್ನು ಹೊಯಿಗೆಯ ಮೇಲೆ ಪೇರಿಸಿದರೂ ಆಗುವುದಿಲ್ಲ. ದೊಡ್ಡ ಕಲ್ಲುಗಳ ನಡುವೆ ದೊಡ್ಡ ಸಂದುಗಳಿರುತ್ತವೆ. ಅಲೆ ಹಿಂದೆ ಸರಿಯುವಾಗ ಆ ಸಂದಿನಿಂದ ಕೆಳಗಿನ ಹೊಯಿಗೆಯನ್ನು ಹೀರಿಕೊಂಡು ಹೋಗುತ್ತದೆ. ಕಲ್ಲು ಎಲ್ಲಿಯೂ ಹೋಗುವುದಿಲ್ಲ, ಇದ್ದಲ್ಲೇ ಕುಸಿಯುತ್ತದೆ. ಪ್ರತಿ ವರ್ಷ ಹಾಕಿದ ಕಲ್ಲು 'ಕಡಲು ನುಂಗಿತು' ಎನ್ನುವುದರಲ್ಲಿ ಬಹುಪಾಲು ಇಂತಹ ಕುಸಿತ. ಅದಕ್ಕೆ ತಳದಲ್ಲಿ ಹೊಯಿಗೆಯನ್ನು ಹಿಡಿದಿಡುವ ಬಟ್ಟೆಯಂತಹ ಜಿಯೋಟೆಕ್ಸ್‌ಟೈಲ್ ಹಾಸು, ಅದರ ಮೇಲೆ ಸಣ್ಣ ಕಲ್ಲು, ಅದರ ಮೇಲೆ ಮೇಲ್ಪದರದ ಕಲ್ಲಿನ ಹತ್ತನೇ ಒಂದು ಪಾಲು ತೂಕದ ಮಧ್ಯಮ ಕಲ್ಲು, ಕೊನೆಗೆ ಎರಡು ಸಾಲು ದೊಡ್ಡ ಕಲ್ಲು. ಒಂದೊಂದು ಪದರದ ಕಲ್ಲೂ ಅದರ ಕೆಳಗಿನ ಪದರ ಸೋರಿಹೋಗದಂತೆ ಕಾಯಬೇಕು. ದೊಡ್ಡ ಕಲ್ಲನ್ನು ಟಿಪ್ಪರಿನಿಂದ ಸುರಿದು ಹೋಗುವುದಲ್ಲ, ಕ್ರೇನಿನಲ್ಲಿ ಎತ್ತಿ ಒಂದೊಂದಾಗಿ ಕೂರಿಸಬೇಕು. ನಾವು ನಡೆದ ಆ ಗೋಡೆಯಲ್ಲಿ ಕೆಲವು ಕಡೆ ಈ ಪದರಗಳು ಸ್ಪಷ್ಟವಾಗಿ ಕಾಣುತ್ತಿದ್ದವು, ಕಲ್ಲುಗಳೂ ಅಲುಗದೆ ಇದ್ದವು. ಅದರಿಂದ ನೂರು ಹೆಜ್ಜೆ ಮುಂದೆ ಒಬ್ಬ ಮನುಷ್ಯ ಎತ್ತಬಹುದಾದ ಕಲ್ಲುಗಳು ಹೊಯಿಗೆಯ ಮೇಲೆ ಚದುರಿ ಬಿದ್ದಿದ್ದವು. ಮನುಷ್ಯ ಎತ್ತಬಹುದಾದ ಕಲ್ಲನ್ನು ಆಷಾಢದ ಅಲೆ ಎತ್ತಲಾರದೇ? ಆ ತುಂಡನ್ನು ಯಾರು ಮಾಡಿದರು, ಯಾರ ಕಾಲದಲ್ಲಿ ಆಯಿತು ಎಂಬುದು ಈ ಬರಹಕ್ಕೆ ಮುಖ್ಯವಲ್ಲ. ಒಂದೇ ಕಡಲು, ಒಂದೇ ಊರು. ಎರಡು ತುಂಡುಗಳ ನಡುವಿನ ವ್ಯತ್ಯಾಸ ಕಲ್ಲಿನ ಆಯ್ಕೆಯಲ್ಲಿ ಇತ್ತು.

ದೊಡ್ಡ ಕಲ್ಲು ಸಿಗದ ಕಡೆ ಲೋಕ ಬೇರೆ ದಾರಿಯನ್ನೂ ಹುಡುಕಿದೆ. ನಾಲ್ಕು ಕಾಲಿನ ಕಾಂಕ್ರೀಟಿನ ಟೆಟ್ರಾಪಾಡ್ 1950ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ್ದು. ಮುಂಬಯಿಯ ಮರೀನ್ ಡ್ರೈವಿನಲ್ಲಿ ಅದನ್ನು ಎಲ್ಲರೂ ನೋಡಿದ್ದಾರೆ. ಕಾಲುಗಳು ಒಂದಕ್ಕೊಂದು ಸಿಕ್ಕಿಕೊಳ್ಳುವುದರಿಂದ ಅದೇ ಅಲೆಗೆ ಕಲ್ಲಿಗಿಂತ ಕಡಿಮೆ ತೂಕದ್ದು ಸಾಕಾಗುತ್ತದೆ. ಕೊಚ್ಚಿಯ ಹತ್ತಿರದ ಚೆಲ್ಲಾನಂನಲ್ಲಿ 2022ರಿಂದ ಟೆಟ್ರಾಪಾಡ್ ಗೋಡೆ ಕಟ್ಟಿದ ಮೇಲೆ ಅಷ್ಟು ಭಾಗದ ಮನೆಗಳು ನೆಮ್ಮದಿಯಾಗಿ ಮಳೆಗಾಲ ಕಳೆಯುತ್ತಿವೆ. ಆದರೆ ಗೋಡೆ ಮುಗಿದಲ್ಲಿಂದ ಮುಂದಿನವರು ತಮಗೂ ಬೇಕೆಂದು ರಸ್ತೆಗಿಳಿದದ್ದನ್ನೂ ಪತ್ರಿಕೆಗಳಲ್ಲಿ ಓದಿದ್ದೇವೆ. ಟೆಟ್ರಾಪಾಡಿಗೂ ಜಲ್ಲಿ ಬೇಕು, ಹೊಯಿಗೆ ಬೇಕು, ಸಿಮೆಂಟು ಬೇಕು. ಅದೂ ಯಾವುದೋ ಗುಡ್ಡೆಯಿಂದಲೇ ಬರಬೇಕು.

ಉಳ್ಳಾಲದ ಕಥೆಯನ್ನು ಸ್ವಲ್ಪ ಹಿಂದಿನಿಂದ ನೋಡಬೇಕು. ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವ ಅಳಿವೆಯಲ್ಲಿ ಮೀನುಗಾರರ ದೋಣಿಗಳು ಸುರಕ್ಷಿತವಾಗಿ ಹೋಗಿ ಬರಲೆಂದು 1990ರ ದಶಕದಲ್ಲಿ ಎರಡೂ ಬದಿಗೆ ಕಲ್ಲಿನ ಅಲೆತಡೆಗಳನ್ನು ಕಟ್ಟಲಾಯಿತು. ಅದರ ಅಗತ್ಯ ಇರಲಿಲ್ಲ ಎಂದು ಯಾರೂ ಹೇಳುವುದಿಲ್ಲ. ಆದರೆ ಕಡಲ ದಡದ ಹೊಯಿಗೆ ನಿಂತ ವಸ್ತುವಲ್ಲ. ಅದು ವರ್ಷದುದ್ದಕ್ಕೂ ದಡದ ಗುಂಟ ಅತ್ತ ಇತ್ತ ನಡೆಯುತ್ತಾ ಇರುತ್ತದೆ. ಅಲೆತಡೆ ಆ ನಡಿಗೆಗೆ ಅಡ್ಡ ಬಂತು. ಉತ್ತರದ ಬೆಂಗರೆಯಲ್ಲಿ ಹೊಯಿಗೆ ಕೂಡಿತು, ದಕ್ಷಿಣದ ಉಳ್ಳಾಲದಲ್ಲಿ ಕಡಿಮೆಯಾಯಿತು. ಕೋಟೆಪುರ, ಮೊಗವೀರಪಟ್ಣ, ಸುಭಾಷನಗರ, ಕಿಲೆರಿಯಾನಗರ, ಮುಕ್ಕಚ್ಚೇರಿಗಳ ಜನ ಮಳೆಗಾಲದಲ್ಲಿ ನಿದ್ದೆಗೆಡುವ ಕಾಲ ಬಂತು.

2010ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಪಶ್ಚಿಮ ಕರಾವಳಿಯ ರಕ್ಷಣೆಗೆ 25 ಕೋಟಿ ಡಾಲರುಗಳವರೆಗಿನ ಸಾಲಕ್ಕೆ ಒಪ್ಪಿಗೆ ಕೊಟ್ಟಾಗ ಕರ್ನಾಟಕದಲ್ಲಿ ಮೊದಲು ಆರಿಸಿದ ಜಾಗ ಉಳ್ಳಾಲ. ಬರೀ ಗೋಡೆ ಕಟ್ಟುವ ಬದಲು ದಡದಿಂದ ದೂರ ಕಡಲೊಳಗೇ ರೀಫ್ ಎಂಬ ದಿಬ್ಬಗಳನ್ನು ಕಟ್ಟಿ ಅಲೆಯ ಕಸುವನ್ನು ಅಲ್ಲೇ ಕುಗ್ಗಿಸುವುದು, ದಡದ ಹತ್ತಿರ ತಡೆದಿಬ್ಬಗಳನ್ನು ಹಾಕುವುದು, ಹಳೆಯ ಅಲೆತಡೆಗಳನ್ನು ಸರಿಪಡಿಸುವುದು ಆ ಯೋಜನೆಯಲ್ಲಿ ಸೇರಿತ್ತು. ಆಲೋಚನೆ ಒಳ್ಳೆಯದೇ. ಕಾಮಗಾರಿ ಆದ ಮೇಲೆ ಉಳ್ಳಾಲದ ಕೆಲವು ಭಾಗಗಳಲ್ಲಿ ಕೊರೆತ ಕಡಿಮೆಯಾಯಿತೆಂದೂ ದಕ್ಷಿಣದ ಸೋಮೇಶ್ವರ, ಉಚ್ಚಿಲ, ಬಟ್ಟಪ್ಪಾಡಿಯ ಕಡೆ ಹೆಚ್ಚಾಯಿತೆಂದೂ ಅಲ್ಲಿಯವರು ಹೇಳುತ್ತಾರೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಆ ಕಡೆಯ ಜನ ಮನೆ ಬಿಟ್ಟು ಓಡಬೇಕಾಯಿತು. ಅದು ಲಾಕ್‌ಡೌನಿನ ಕಾಲ. ಮನೆಯಲ್ಲೇ ಇರಿ ಎಂದು ಸರಕಾರ ಹೇಳುತ್ತಿತ್ತು, ಮನೆಯಲ್ಲಿ ಇರಬೇಡ ಎಂದು ಕಡಲು ಹೇಳುತ್ತಿತ್ತು.

ಇದು ನಮ್ಮ ಜಿಲ್ಲೆಯ ಸಂಕಟ ಮಾತ್ರವಲ್ಲ. ಕೇಂದ್ರ ಸರಕಾರದ ಸಂಸ್ಥೆಯೊಂದು 1990ರಿಂದ 2016ರವರೆಗಿನ ಉಪಗ್ರಹ ಚಿತ್ರಗಳನ್ನು ನೋಡಿ ಹೇಳಿದ ಪ್ರಕಾರ ದೇಶದ ಕರಾವಳಿಯ ಮೂರನೇ ಒಂದು ಪಾಲು ಕೊರೆತಕ್ಕೆ ಒಳಗಾಗಿದೆ. ಅಷ್ಟಕ್ಕೂ ಕಲ್ಲಿನ ಗೋಡೆ ಕಟ್ಟುತ್ತೇವೆಂದರೆ ಪಶ್ಚಿಮ ಘಟ್ಟದ ತಪ್ಪಲಿನಲ್ಲಿ ಎಷ್ಟು ಗುಡ್ಡೆಗಳು ಉಳಿದಾವು? ಹಾಗಾಗಿ ಎಲ್ಲಿ ಕಲ್ಲು ಬೇಕು, ಎಲ್ಲಿ ಬೇಡ ಎಂಬ ಆಯ್ಕೆಯೂ ಕಲ್ಲಿನ ಆಯ್ಕೆಯಷ್ಟೇ ಮುಖ್ಯ. ಮನೆ, ಶಾಲೆ, ರಸ್ತೆ, ಖಬರಸ್ಥಾನ, ದೈವಸ್ಥಾನಗಳು ದಡಕ್ಕೆ ಅಂಟಿಕೊಂಡಿರುವಲ್ಲಿ ಕಲ್ಲು ಬೇಕು. ಖಾಲಿ ಹೊಯಿಗೆ ಇರುವಲ್ಲಿ ಕಡಲು ಬಂದು ಹೋಗಲಿ. ಬೇಸಗೆಯಲ್ಲಿ ಅದು ತಾನು ಕೊಂಡುಹೋದದ್ದರಲ್ಲಿ ಸ್ವಲ್ಪವನ್ನಾದರೂ ಹಿಂದೆ ಕೊಡುತ್ತದೆ. ಅಲ್ಲಿ ಗೋಡೆ ಕಟ್ಟಿದರೆ ಆ ಕೊಡುಕೊಳ್ಳುವಿಕೆಯೂ ನಿಲ್ಲುತ್ತದೆ.

ನಮ್ಮ ಕಡೆಯಿಂದ ಕಡಲಿಗೆ ಹೋಗಬೇಕಾದದ್ದು ನಿಜವಾಗಿ ಕಲ್ಲಲ್ಲ, ಹೊಯಿಗೆ. ಸುಬ್ರಹ್ಮಣ್ಯದ ಕಡೆಯಿಂದ ಬರುವ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರಿ, ಬಂಟ್ವಾಳ ದಾಟಿ, ಉಳ್ಳಾಲದ ಬದಿಯಲ್ಲಿ ಕಡಲು ಸೇರುತ್ತದೆ. ಘಟ್ಟದ ಬಂಡೆಯನ್ನು ಸಾವಿರಾರು ವರ್ಷ ಅರೆದು ಹೊಯಿಗೆ ಮಾಡಿ, ಮಳೆಗಾಲದ ನೆರೆಯಲ್ಲಿ ಹೊತ್ತು ಕೊಂಡುಹೋಗಿ ದಡಕ್ಕೆ ಹಾಕುತ್ತಿದ್ದುದು ಈ ನದಿಗಳೇ. ಆ ಕೆಲಸಕ್ಕೆ ಟೆಂಡರೂ ಇರಲಿಲ್ಲ, ಬಿಲ್ಲೂ ಇರಲಿಲ್ಲ. ಈಗ ತುಂಬೆಯಲ್ಲಿ ಮತ್ತು ಅದರ ಮೇಲೆ ಅಣೆಕಟ್ಟುಗಳು ನಿಂತಿವೆ. ನದಿಯ ಒಡಲಿನಿಂದ ಹೊಯಿಗೆ ತೆಗೆಯುವುದು ಹಗಲೂ ನಡೆಯಿತು, ರಾತ್ರಿಯೂ ನಡೆಯಿತು. 2024ರ ಸೆಪ್ಟೆಂಬರಿನಲ್ಲಿ ಎತ್ತಿನಹೊಳೆ ಯೋಜನೆಯ ಮೊದಲ ಹಂತ ಉದ್ಘಾಟನೆಯಾಗಿ ನೇತ್ರಾವತಿಯ ಮೇಲ್ಭಾಗದ ಮಳೆಗಾಲದ ನೀರನ್ನು ಪೂರ್ವಕ್ಕೆ ತಿರುಗಿಸುವ ಕೆಲಸವೂ ಶುರುವಾಯಿತು. ನದಿ ಕೊಂಡುಹೋಗುತ್ತಿದ್ದ ಹೊಯಿಗೆಯನ್ನು ನಡುದಾರಿಯಲ್ಲಿ ಮನೆ ಕಟ್ಟಲು ನಾವು ತೆಗೆದುಕೊಂಡೆವು. ಅದರ ಬದಲಿಗೆ ಗುಡ್ಡೆ ಒಡೆದು ಕಲ್ಲನ್ನು ಲಾರಿಯಲ್ಲಿ ಕಳುಹಿಸುತ್ತಿದ್ದೇವೆ. ಈ ವ್ಯಾಪಾರದಲ್ಲಿ ಲಾಭ ಯಾರಿಗೆ ಎಂದು ಕೆದಂಬಾಡಿಯಲ್ಲೂ ಕೇಳಬೇಕು, ಕಿಲೆರಿಯಾನಗರದಲ್ಲೂ ಕೇಳಬೇಕು.

ಕಲ್ಲು ಬೇಡವೇ ಬೇಡ ಎನ್ನುವುದು ಒಳನಾಡಿನಲ್ಲಿ ಕೂತು ಹೇಳುವವರಿಗೆ ಸುಲಭ. ಗೋಡೆಯ ಹಿಂದೆ ಮಲಗಿದವರಿಗೆ ಅದು ಮಾತಲ್ಲ. "ಕಲ್ಲು ಹಾಕಿದ ಮೇಲೆ ಎರಡು ಮಳೆಗಾಲ ನಿದ್ದೆ ಬಂತು ಮಕ್ಕಳೇ, ಮೂರನೆಯದಕ್ಕೆ ಪುನಃ ಎದ್ದು ಕೂತೆವು" ಎಂದು ಮಾಮಿ ಹೇಳಿದ್ದು ನಮ್ಮ ಕಿವಿಯಲ್ಲಿದೆ. ಮೊಗವೀರರ ಮನೆಯೂ ಬ್ಯಾರಿಗಳ ಮನೆಯೂ ಅದೇ ಗೋಡೆಯ ಹಿಂದೆ ಇವೆ. ಒಬ್ಬರ ಅಂಗಳದ ಮುಂದೆ ಗೋಡೆ ಕುಸಿದರೆ ಕಡಲು ಇನ್ನೊಬ್ಬರ ಅಂಗಳಕ್ಕೂ ಬರುತ್ತದೆ. ಮಳೆಗಾಲದ ರಾತ್ರಿ ಮಕ್ಕಳನ್ನು ಎತ್ತಿಕೊಂಡು ಹೋಗಿ ನಿಲ್ಲುವ ಶಾಲೆಯ ಜಗಲಿಯೂ ಒಂದೇ. ಪೇಟೆಯ ಗೋಡೆಗಳ ಮೇಲೆ ನಮ್ಮನ್ನು ಬೇರೆ ಬೇರೆ ಮಾಡುವ ಮಾತುಗಳನ್ನು ಬರೆಯುವವರು ಆ ಜಗಲಿಯಲ್ಲಿ ಒಂದು ರಾತ್ರಿ ಕೂರಬೇಕು.

ಹಾಗಾಗಿ ನಮ್ಮ ಬೇಡಿಕೆ ಕಲ್ಲು ಹಾಕಿ ಎಂದಲ್ಲ, ಕಲ್ಲು ಹಾಕಬೇಡಿ ಎಂದೂ ಅಲ್ಲ. ತೂಗಿ ಹಾಕಿ ಎಂದು. ಕುರ್‌ಆನಿನ 83ನೆಯ ಅಧ್ಯಾಯಕ್ಕೆ ಅಳತೆ ತೂಕದಲ್ಲಿ ಕಡಿಮೆ ಮಾಡುವವರ ಹೆಸರನ್ನೇ ಇಡಲಾಗಿದೆ. ಅದನ್ನು ನಾವು ಚಿಕ್ಕಂದಿನಲ್ಲಿ ಮದ್ರಸದಲ್ಲಿ ಬಾಯಿಪಾಠ ಮಾಡಿದವರು. ಉಸ್ತಾದರು ಅದರ ಅರ್ಥ ಹೇಳುವಾಗ ಅಕ್ಕಿಯ ಸೇರು, ಮೀನಿನ ತಕ್ಕಡಿ, ಬಟ್ಟೆಯ ಗಜಗಳ ಉದಾಹರಣೆ ಕೊಡುತ್ತಿದ್ದರು. ಕಡಲಿಗೆ ಹಾಕುವ ಕಲ್ಲಿನ ಉದಾಹರಣೆ ಆಗ ಯಾರ ಬಾಯಲ್ಲೂ ಬಂದಿರಲಿಲ್ಲ. ಆದರೆ ಅಂಗಡಿಯವನು ಕಾಲು ಕಿಲೋ ಕಡಿಮೆ ತೂಗಿದರೆ ಕೊಂಡವನ ಒಂದು ಹೊತ್ತಿನ ಊಟಕ್ಕೆ ಕೊರತೆ. ಒಂದು ಟನ್ ಎಂದು ಬರೆದು ಇನ್ನೂರು ಕಿಲೋ ಹಾಕಿದರೆ ಒಂದು ಮನೆಯೇ ಹೋಗುತ್ತದೆ. ಸರಕಾರದ ಹಣವಾದ್ದರಿಂದ ಕೇಳುವ ಗಿರಾಕಿ ಎದುರಿಗೆ ಇಲ್ಲ. ಎದುರಿಗೆ ಗಿರಾಕಿ ಇಲ್ಲದ ತಕ್ಕಡಿಯಲ್ಲೇ ತೂಗುವವನ ಈಮಾನ್ ಗೊತ್ತಾಗುವುದು.

ಇದಕ್ಕೆ ದೊಡ್ಡ ಕ್ರಾಂತಿಯೇನೂ ಬೇಕಾಗಿಲ್ಲ. ಕಾಮಗಾರಿ ನಡೆಯುವಲ್ಲಿ ಕನ್ನಡದಲ್ಲಿ ಒಂದು ಫಲಕ ಇರಲಿ. ಯಾವ ಅಲೆಗೆ ಲೆಕ್ಕ ಹಾಕಿದ್ದು, ಮೇಲ್ಪದರದ ಕಲ್ಲು ಎಷ್ಟು ಕಿಲೋದಿಂದ ಎಷ್ಟು ಕಿಲೋ, ಬುಡದಲ್ಲಿ ಎಷ್ಟು ಅಗಲ, ಯಾವ ಕೋರೆಯ ಕಲ್ಲು ಎಂದು ಅದರಲ್ಲಿ ಬರೆದಿರಲಿ. ಟನ್ನಿನ ಲೆಕ್ಕ ಅರ್ಥವಾಗದವರಿಗೂ ಗೊತ್ತಾಗುವಂತೆ ಆ ತೂಕದ ಒಂದು ಕಲ್ಲನ್ನು ಬಣ್ಣ ಬಳಿದು ದಡದಲ್ಲಿ ಇಟ್ಟುಬಿಡಲಿ. 1,300 ಕಿಲೋದ ಕರಿಕಲ್ಲು ಎಂದರೆ ಎಲ್ಲ ಬದಿಗೂ ಸುಮಾರು ಎಂಬತ್ತು ಸೆಂಟಿಮೀಟರು, ನಿಂತವರ ಸೊಂಟದ ಹತ್ತಿರ ಬರುತ್ತದೆ. ಬರುವ ಲಾರಿಯಲ್ಲಿ ಅದಕ್ಕಿಂತ ಸಣ್ಣದಿದ್ದರೆ ಶಾಲೆಯ ಮಕ್ಕಳಿಗೂ ಕಾಣುತ್ತದೆ. ಲಾರಿಯ ತೂಕ ವೇ ಬ್ರಿಡ್ಜಿನಲ್ಲಿ ಗೊತ್ತಾಗಬಹುದು, ಆದರೆ ಲಾರಿ ತುಂಬ ಸಣ್ಣ ಕಲ್ಲಿದ್ದರೂ ವೇ ಬ್ರಿಡ್ಜ್ ಅದೇ ತೂಕ ತೋರಿಸುತ್ತದೆ. ಒಂದೊಂದು ಕಲ್ಲನ್ನು ನೋಡುವ ಕಣ್ಣು ಊರಿನವರದ್ದೇ ಆಗಬೇಕು. ಕಾಮಗಾರಿ ಮುಗಿದ ಮೇಲೆ ಮೊದಲ ಮಳೆಗಾಲದ ನಂತರ ಗೋಡೆಯ ಬುಡವನ್ನು ಅಳೆದು ನೋಡುವ ಕೆಲಸ ಅದೇ ಟೆಂಡರಿನಲ್ಲಿ ಸೇರಲಿ.

ಮಳೆಗಾಲದ ನಡುವೆ 'ತುರ್ತು' ಹೆಸರಿನಲ್ಲಿ ಕಲ್ಲು ಸುರಿಯುವ ಪದ್ಧತಿ ನಿಲ್ಲಬೇಕು. ಅಲೆ ಬಡಿಯುತ್ತಿರುವಾಗ ತಳಕ್ಕೆ ಹಾಸು ಹಾಕಲಾಗುವುದಿಲ್ಲ, ಪದರ ಮಾಡಲಾಗುವುದಿಲ್ಲ, ಬುಡ ಅಗೆಯಲಾಗುವುದಿಲ್ಲ. ಆಗ ಸುರಿದದ್ದನ್ನು ಆಮೇಲೆ ಯಾರೂ ಎಣಿಸಲೂ ಆಗುವುದಿಲ್ಲ. ಕೆಲಸ ಆಗಬೇಕಾದದ್ದು ದೀಪಾವಳಿಯ ನಂತರ, ಕಡಲು ಶಾಂತವಾಗಿರುವ ಆರು ತಿಂಗಳಲ್ಲಿ. ಆ ಆರು ತಿಂಗಳು ಪತ್ರಿಕೆಯಲ್ಲಿ ಕಡಲ್ಕೊರೆತದ ಸುದ್ದಿ ಇರುವುದಿಲ್ಲ, ಆದ್ದರಿಂದ ಯಾರಿಗೂ ನೆನಪಿರುವುದಿಲ್ಲ. ನೆನಪು ಮಾಡುವುದು ನಮ್ಮ ಕೆಲಸ.

ಒಳನಾಡಿನವರದ್ದೂ ಒಂದು ಹಕ್ಕಿದೆ. ಗುಡ್ಡೆಯೊಂದನ್ನು ಕೋರೆಗೆ ಬಿಟ್ಟುಕೊಡುವಾಗ ಅದು ಎಲ್ಲಿಗೆ ಹೋಗುತ್ತದೆ ಎಂದು ಗ್ರಾಮಸಭೆಯಲ್ಲಿ ಕೇಳಬಹುದು. ಯಾರದೋ ಮನೆ ಉಳಿಯುತ್ತದೆ ಎಂದಾದರೆ ಸ್ವಲ್ಪ ಧೂಳು, ಸ್ವಲ್ಪ ಸದ್ದು ಸಹಿಸಬಹುದು. ಆದರೆ ನಮ್ಮ ಗುಡ್ಡೆಯ ಬಂಡೆಯನ್ನು ಹೆಚ್ಚು ಮದ್ದಿಟ್ಟು ಪುಡಿ ಮಾಡಿ, ಅದರ ಉಳಿಕೆಯನ್ನು ಕಡಲಿಗೆ ಸುರಿದು, ಮರುವರ್ಷ ಇನ್ನೊಂದು ಗುಡ್ಡೆಗೆ ಕೈ ಹಾಕುವುದಾದರೆ ಅದನ್ನು ಯಾಕೆ ಸಹಿಸಬೇಕು? ಗುಡ್ಡೆ ಪುನಃ ಬೆಳೆಯುವುದಿಲ್ಲ. ಒಮ್ಮೆ ಒಡೆದ ಕಲ್ಲು ಒಂದೇ ಸಲ ಉಪಯೋಗಕ್ಕೆ ಬರುತ್ತದೆ. ಸರಿಯಾದ ಕಲ್ಲನ್ನು ಸರಿಯಾದ ಜಾಗದಲ್ಲಿ ಸರಿಯಾಗಿ ಕೂರಿಸಿದರೆ ಅದು ನಮ್ಮ ಮಕ್ಕಳ ಕಾಲದವರೆಗೂ ಅಲ್ಲೇ ಇರುತ್ತದೆ. ಇಲ್ಲದಿದ್ದರೆ ನಮಗೆ ಗುಡ್ಡೆಯೂ ಇಲ್ಲ, ಮಾಮಿಗೆ ಮನೆಯೂ ಇಲ್ಲ.

ಮುಂದಿನ ಬೇಸಗೆಯಲ್ಲಿ ಕಡಲ ಬದಿಗೆ ಹೋಗುವವರು ಹೊಯಿಗೆಯಲ್ಲಿ ನಡೆದು, ಚುರುಮುರಿ ತಿಂದು, ಫೋಟೋ ತೆಗೆದು ಬರುವುದರ ಜೊತೆಗೆ ಗೋಡೆಯ ಕಲ್ಲನ್ನೂ ಒಮ್ಮೆ ನೋಡಿ ಬನ್ನಿ. ಅದನ್ನು ಒಬ್ಬರೇ ಅಲುಗಾಡಿಸಲು ಆಗುತ್ತದೆಯೇ ನೋಡಿ. ಆಗುವುದಾದರೆ ಅಲ್ಲಿಯ ಪಂಚಾಯತಿಗೋ ನಗರಸಭೆಗೋ ಒಂದು ಕಾಗದ ಬರೆಯಿರಿ. ಮಳೆಗಾಲ ಬರುವ ಮೊದಲೇ ಬರೆಯಿರಿ.